ಪಾಸ್‌ಬುಕ್ಕಲ್ಲಿ ಸೊನ್ನೆ ಇದ್ದರೆ ಅನುದಾನ ಬಂದಿಲ್ಲ ಅಂತಲ್ಲ

ಶಾಲೆಯ ಪಾಸ್‌ಬುಕ್ಕಲ್ಲಿ ಸೊನ್ನೆ ಇದೆ, ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ, ಚಿಲಕ ಸರಿಯಿಲ್ಲ, ಅನುದಾನ ಬಂದೇ ಇಲ್ವಾ ಅಂತ ಕೇಳಿದ್ದೀರಿ. ಸೊನ್ನೆ ಕಾಣೋದಕ್ಕೆ ಕಾರಣ ಬಹುಶಃ ಖಾತೆಯ ರೀತಿ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಶಾಲಾ ಅನುದಾನ ಈಗ ಶೂನ್ಯ ಶಿಲ್ಕಿನ ಖಾತೆಯಲ್ಲಿ ನಡೆಯುತ್ತದೆ. ಶಾಲೆಗೆ ಸಿಗುವುದು ಖರ್ಚಿನ ಮಿತಿ. ಬಿಲ್ ಪಾವತಿಯಾಗುವಾಗಲೇ ದುಡ್ಡು ಬರುತ್ತದೆ. ಕಂತು ನಿಜವಾಗಿ ತಡವಾಗಿರಲೂಬಹುದು, ಹಾಗಾಗಿ ಸುಮ್ನೆ ಜಗಳಕ್ಕೆ ಹೋಗಬೇಡಿ.

ಮೊದಲು ಮುಖ್ಯ ಶಿಕ್ಷಕರ ಹತ್ತಿರ ಈ ವರ್ಷದ ಮಿತಿ ಎಷ್ಟು ಅಂತ ಕೇಳಿ. ಆಮೇಲೆ ನಗದು ಪುಸ್ತಕ, ಓಚರ್, ಸಭೆಯ ನಡಾವಳಿ ನೋಡಿ. ಅನುದಾನದಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೇ ಹೋಗಬೇಕು. ಆ ಬಾಬ್ತಿನಲ್ಲಿ ಬರೀ ಫಿನಾಯಿಲ್, ಪೊರಕೆ ಬಿಲ್ಲುಗಳಿವೆಯೋ, ನೀವು ಹೇಳಿದ ಶೌಚಾಲಯದ ನಲ್ಲಿ, ಚಿಲಕಕ್ಕೂ ಖರ್ಚಾಗಿದೆಯೋ ನೋಡಿ. ತೋರಿಸದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಮುಂದಿನ ವಾರದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಚುನಾವಣೆಗೆ ಆ ಉತ್ತರ ಸಿಗಲ್ಲ ಅಲ್ವಾ? ಅದಕ್ಕೇ ಪಾಲಕರ ಸಭೆಯಲ್ಲಿ, ಚುನಾವಣೆಗೆ ನಿಂತಿರುವ ಒಬ್ಬೊಬ್ಬರನ್ನೂ ಎಲ್ಲರೆದುರು ಕೇಳಿ: ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿಸ್ತೀರಾ? ಅನುದಾನದ ಬಳಕೆ ನೋಡುವುದು ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯದೇ ಕೆಲಸ. ಅದೇ ಕಲಂ ಅರ್ಧದಷ್ಟು ಸದಸ್ಯರು ಮಹಿಳೆಯರಿರಬೇಕು ಅನ್ನುತ್ತದೆ. ಹೆಣ್ಣುಮಕ್ಕಳ ಶೌಚಾಲಯದ ಬಗ್ಗೆ ಇಷ್ಟು ಕಾಳಜಿ ಇರುವ ತಾಯಿ ನೀವು, ದಯವಿಟ್ಟು ನೀವೇ ನಿಲ್ಲಿ.