174ರ ಓಟ, 87ರ ನಡಿಗೆ

ನಿಮಿಷಕ್ಕೆ ಸುಮಾರು 174 ಬೀಟ್ ವೇಗದಲ್ಲಿ ಓಡುವ ಡ್ರಮ್ ಅಂಡ್ ಬೇಸ್ ಸಂಗೀತವನ್ನು ರಾಕ್ ಬ್ಯಾಂಡಿನ ವಾದ್ಯಗಳ ಜತೆ ವೇದಿಕೆಯ ಮೇಲೆ ನುಡಿಸುವ ಬಗ್ಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮದು ನಾಲ್ಕು ಮಂದಿಯ ರಾಕ್ ಬ್ಯಾಂಡ್. ಆಸ್ಟ್ರೇಲಿಯಾದ ಪೆಂಡ್ಯುಲಮ್ ತಂಡದ ತರಹದ್ದು ನುಡಿಸಬೇಕು ಅಂತ ಹೊರಟೀವಿ. ಆದ್ರ 174ಕ್ಕ ಹೋದರ ಡ್ರಮ್ಮರ್ ಎರಡನೇ ಹಾಡಿಗೇ ಸುಸ್ತಾಗ್ತಾನ. ಸ್ನೇರ್ ಸದ್ದೂ ರೆಕಾರ್ಡಿನ ಹಂಗ ಬರಂಗಿಲ್ಲ. ಏನು ಮಾಡೂದ್ರಿ? (ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಮೊದಲು ಲೆಕ್ಕ ಹಾಕಿ ನೋಡಿ. ಒಂದು ಆವರ್ತವನ್ನು 16 ಮನೆ ಮಾಡಿಕೊಳ್ಳಿ. ಕಿಕ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್) 1ನೇ ಮತ್ತು 11ನೇ ಮನೆಯಲ್ಲಿ, ಸ್ನೇರ್ (ಎದುರಿನ ಚಿಕ್ಕ ಡ್ರಮ್) 5 ಮತ್ತು 13ರಲ್ಲಿ. ಈ ಸಂಗೀತದ ಬೆನ್ನೆಲುಬು ಇಷ್ಟೇ. ನಿಮಿಷಕ್ಕೆ 174 ಬೀಟ್ ಎಂದರೆ 43 ಆವರ್ತಕ್ಕಿಂತ ಚೂರು ಹೆಚ್ಚು. ಅಂದರೆ ಬಲಗಾಲು ನಿಮಿಷಕ್ಕೆ ಒದೆಯುವುದು 87 ಸಲ, ಸ್ನೇರ್ ಏಟೂ 87. ಇದು ಸಾಮಾನ್ಯ ರಾಕ್ ಹಾಡಿನಷ್ಟೇ. ದಣಿಯುವುದು ಹೈಹ್ಯಾಟ್ (ಜೋಡಿ ಲೋಹದ ತಟ್ಟೆ) ಹಿಡಿದ ಕೈ ಮಾತ್ರ: ಬೀಟಿಗೆ ಎರಡು ಏಟು ಅಂದರೂ ಸೆಕೆಂಡಿಗೆ ಸುಮಾರು ಆರು. ನಿಮ್ಮ ಡ್ರಮ್ಮರ್ ಬಹುಶಃ ಅಷ್ಟನ್ನೂ ಒಂದೇ ಜೋರಿನಲ್ಲಿ, ಭುಜದಿಂದ ಹೊಡೆಯುತ್ತಿದ್ದಾರೆ. ರಾಕ್‌ನಿಂದ ಬಂದವರೆಲ್ಲರೂ ಮಾಡುವ ತಪ್ಪು ಇದು. ಬೀಟಿನ ಮೇಲಿನ ಏಟು ತೋಳಿನಿಂದ ಬೀಳಲಿ, ನಡುವಿನದು ಕಡ್ಡಿ ಪುಟಿದಾಗ ಬೆರಳಿನಿಂದ ತಾನಾಗಿ ಬರಲಿ. 5ಎ ಕಡ್ಡಿ ಬಿಟ್ಟು ಅದಕ್ಕಿಂತ ತೆಳುವಾದ 7ಎ ಹಿಡಿಸಿ ನೋಡಿ.

ಅಭ್ಯಾಸವನ್ನು 140ರಿಂದ ಶುರು ಮಾಡಿ. ಭುಜ ಏರದೆ ಮೂರು ನಿಮಿಷ ನಿಂತರೆ ಮಾತ್ರ 4 ಏರಿಸಿ. ಬೆನ್ನೆಲುಬು ಗಟ್ಟಿಯಾದ ಮೇಲೆ 8, 10, 16ನೇ ಮನೆಗಳಲ್ಲಿ ಸ್ನೇರ್ ಮೇಲೆ ತೀರಾ ಮೆತ್ತಗೆ ತಟ್ಟಿಸಿ. ಡ್ರಮ್ಮರ್‌ಗಳು ಘೋಸ್ಟ್ ನೋಟ್ ಅನ್ನುವುದು ಇದನ್ನೇ. ಅದಿಲ್ಲದಿದ್ದರೆ ತಾಳ ಓಡುವುದಿಲ್ಲ, ಕುಪ್ಪಳಿಸುತ್ತದೆ.

ಇನ್ನು ಸ್ನೇರ್ ಸದ್ದು. ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ 1969ರ ಧ್ವನಿಮುದ್ರಿಕೆಯೊಂದರಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ನಾಲ್ಕು ಆವರ್ತಗಳ ಡ್ರಮ್ ತುಣುಕೊಂದಿದೆ. ಅದರ ಮೂಲ ವೇಗ ಸುಮಾರು 137. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಹುಡುಗರು ಸ್ಯಾಂಪ್ಲರ್‌ನಲ್ಲಿ (ಸದ್ದಿನ ತುಣುಕು ಹಿಡಿದು ನುಡಿಸುವ ಯಂತ್ರ) ಅದನ್ನು ಜೋರಾಗಿ ಓಡಿಸಿದರು. ವೇಗ ಏರಿದಾಗ ಶ್ರುತಿಯೂ ಏರಿತು; 137 ಇದ್ದದ್ದು 174 ಆದರೆ ನಾಲ್ಕು ಅರ್ಧಸ್ವರ ಮೇಲೆ. ರೆಕಾರ್ಡಿನಲ್ಲಿ ನೀವು ಕೇಳುವ 'ಟ್ಯಾಕ್' ಸದ್ದಿನ ಹಿಂದೆ ಇರುವುದು ಈ ಏರಿಸಿದ ಸ್ನೇರ್. ಅದಕ್ಕೇ 14 ಇಂಚಿನ ಸ್ನೇರನ್ನು ರಾಕ್ ಶ್ರುತಿಯಲ್ಲಿ ಇಟ್ಟು ಎಷ್ಟು ಹೊಡೆದರೂ ಅದು ಬರುವುದಿಲ್ಲ. ಕೆಳಗಿನ ಚರ್ಮವನ್ನು ಮೇಲಿನದಕ್ಕಿಂತ ಬಿಗಿ ಮಾಡಿ, ಮೇಲಿನದನ್ನೂ ಒಂದೊಂದು ಬೋಲ್ಟಿಗೆ ಕಾಲು ಸುತ್ತಿನಂತೆ ಏರಿಸುತ್ತ ಬನ್ನಿ. ಎದುರುಬದುರು ಬೋಲ್ಟ್‌ಗಳನ್ನೇ ತಿರುಗಿಸಿ; ಸಾಲಾಗಿ ತಿರುಗಿಸಿದರೆ ಚರ್ಮ ಒಂದು ಕಡೆಗೆ ಎಳೆದುಕೊಂಡು ಸದ್ದು ಸೀಳುತ್ತದೆ. ಅಂಚಿನಲ್ಲಿ ಎರಡು ಬೆರಳಗಲ ಟೇಪ್ ಹಚ್ಚಿದರೆ ಗುಂಯ್‌ಗುಡುವುದು ನಿಲ್ಲುತ್ತದೆ. 12 ಅಥವಾ 13 ಇಂಚಿನ ಸ್ನೇರ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಹಾಡುಗಳ ಸರಣಿಯೂ ಮುಖ್ಯ. ಪೂರ್ತಿ ಓಟದ ಎರಡು ಹಾಡನ್ನು ಬೆನ್ನಿಗೆ ಬೆನ್ನು ಇಡಬೇಡಿ. ಪಲ್ಲವಿಯಲ್ಲಿ ಸ್ನೇರ್ 9ನೇ ಮನೆಗೆ ಮಾತ್ರ ಬಿದ್ದರೆ ತಾಳ 87ಕ್ಕೆ ಇಳಿದಂತೆ ಕೇಳುತ್ತದೆ, ಕ್ಲಿಕ್ (ವೇಗ ತೋರಿಸುವ 'ಟಿಕ್ ಟಿಕ್' ಸದ್ದು) ಬದಲಾಗುವುದಿಲ್ಲ. ಗಿಟಾರಿನ ರಿಫ್ ಕಟ್ಟಬೇಕಾದದ್ದು ಈ 87ಕ್ಕೆ. 174ರ ಬೆನ್ನು ಹತ್ತಿ ಓಡುವ ಗಿಟಾರ್ ಬರೀ ಗಿಜಿಗಿಜಿ. ಪರ್ತ್‌ನಲ್ಲಿ 2002ರಲ್ಲಿ ಹುಟ್ಟಿದ ಪೆಂಡ್ಯುಲಮ್ ತಂಡದ 2008ರ ಆಲ್ಬಮ್ ಕೇಳುವಾಗ ಹೈಹ್ಯಾಟ್ ಮರೆತು ಗಿಟಾರಿಗಷ್ಟೇ ತಲೆ ಆಡಿಸಿ ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ: ಸಿಂಥ್ ಭಾಗಗಳನ್ನು ಲ್ಯಾಪ್‌ಟಾಪ್‌ನಿಂದ ಬಿಡುತ್ತೇವೆ. ಅರ್ಧ ಹಾಡಿಗೆ ಡ್ರಮ್ ಒಂದು ಕಡೆ, ಟ್ರ್ಯಾಕ್ ಒಂದು ಕಡೆ. ಒಮ್ಮೆಯಂತೂ ಟ್ರ್ಯಾಕ್ ಶ್ರುತಿಯೇ ಬೇರೆ ಇತ್ತು. (ಗಂಗಾವತಿ)

ಉತ್ತರ: ಡ್ರಮ್ಮರ್ ಏನನ್ನು ಕೇಳಿ ನುಡಿಸುತ್ತಿದ್ದಾರೆ ಎಂಬುದೇ ಇಲ್ಲಿ ಪ್ರಶ್ನೆ. ಹತ್ತು ಮೀಟರ್ ದೂರದ ಬಾಕ್ಸಿನಿಂದ ಟ್ರ್ಯಾಕ್ ಕೇಳುತ್ತಿದ್ದರೆ ಸದ್ದು ಬರುವಷ್ಟರಲ್ಲಿ 29 ಮಿಲಿಸೆಕೆಂಡ್ ಕಳೆದಿರುತ್ತದೆ. 174ರಲ್ಲಿ ನಮ್ಮ ಒಂದೊಂದು ಮನೆಯೇ 86 ಮಿಲಿಸೆಕೆಂಡ್. ಮೂರನೇ ಒಂದು ಮನೆ ಅಲ್ಲೇ ಹೋಯಿತು. ಡ್ರಮ್ಮರ್‌ಗೆ ಕಿವಿಯೊಳಗಿನ ಇಯರ್‌ಫೋನ್ ಬೇಕೇ ಬೇಕು, ಅದರಲ್ಲಿ ಕ್ಲಿಕ್ ಬೇಕು. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ, ಅದು ಇದಕ್ಕಿಂತಲೂ ತಡ.

ನಾಲ್ಕು ಔಟ್‌ಪುಟ್‌ ಇರುವ ಆಡಿಯೊ ಇಂಟರ್‌ಫೇಸ್ ಇದ್ದರೆ 1 ಮತ್ತು 2ರಲ್ಲಿ ಟ್ರ್ಯಾಕ್ ಮಿಕ್ಸರಿಗೆ, 3ರಲ್ಲಿ ಕ್ಲಿಕ್ ಡ್ರಮ್ಮರ್‌ಗೆ. ಅಷ್ಟು ಖರ್ಚು ಈಗಲೇ ಬೇಡವೆಂದರೆ ಫೈಲನ್ನೇ ಎಡಕ್ಕೆ ಕ್ಲಿಕ್, ಬಲಕ್ಕೆ ಮೊನೊ ಟ್ರ್ಯಾಕ್ ಮಾಡಿ ಇಟ್ಟುಕೊಳ್ಳಿ. ಆದರೆ ಎಡದ ವೈರನ್ನು ಮಿಕ್ಸರ್ ಕಡೆ ಬಿಡಲೇಬೇಡಿ. ಸೌಂಡಿನವರು ಗಡಿಬಿಡಿಯಲ್ಲಿ ಎರಡನ್ನೂ ಚುಚ್ಚಿದರೆ ಊರಿಗೆಲ್ಲ 'ಟಿಕ್ ಟಿಕ್' ಕೇಳಿಸುತ್ತದೆ. ಹಾಡಿಗೆ ಮೊದಲು ಎರಡು ಆವರ್ತ ಎಣಿಕೆ ಇರಲಿ. ಟ್ರ್ಯಾಕ್ ಬಿಡುವ ಬಟನ್ ಡ್ರಮ್ಮರ್ ಕೈಗೇ ಕೊಡಿ.

ಬರೀ ಟ್ರ್ಯಾಕ್ ಓಡಿಸುವುದಾದರೆ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಟ್ಟು ಬಿಡುವ ಸದ್ದಿನ ಅಳತೆ) 512 ಸ್ಯಾಂಪಲ್ ಇಟ್ಟರೂ ನಡೆಯುತ್ತದೆ, ಅದೇ ಕ್ಷೇಮ. ಕೀಬೋರ್ಡಿನಿಂದ ಲ್ಯಾಪ್‌ಟಾಪಿನ ಸಿಂಥ್ ನುಡಿಸುವವರು ಇದ್ದರೆ 128ಕ್ಕೆ ಇಳಿಸಿ. 48 ಕಿಲೋಹರ್ಟ್ಸ್ ಸ್ಯಾಂಪಲ್ ದರದಲ್ಲಿ ಅದು 2.7 ಮಿಲಿಸೆಕೆಂಡ್. ಶ್ರುತಿ ಹೋದದ್ದರ ಕಾರಣವೂ ಈ ದರದಲ್ಲೇ ಇರಬೇಕು. 44.1ರಲ್ಲಿ ಮಾಡಿದ ಫೈಲ್, 48ರಲ್ಲಿ ಓಡುವ ಯಂತ್ರ, ನಡುವೆ ಪರಿವರ್ತನೆ ಇಲ್ಲ ಎಂದಾದರೆ 174 ಇದ್ದದ್ದು 189 ಆಗಿ, ಶ್ರುತಿ ಒಂದೂವರೆ ಅರ್ಧಸ್ವರ ಏರುತ್ತದೆ. ಗಿಟಾರ್ ಟ್ಯೂನರನ್ನು ಬೈದು ಪ್ರಯೋಜನವಿಲ್ಲ. ಎಲ್ಲ ಫೈಲ್‌ಗಳನ್ನೂ ಒಂದೇ ದರಕ್ಕೆ ತಂದಿಡಿ.

ಪ್ರಶ್ನೆ: ಬಾಡಿಗೆ ಡಿಜೆ ಸೆಟ್‌ನಲ್ಲಿ ನುಡಿಸಿದರೆ ಎದೆ ಗುದ್ದುತ್ತದೆ, ಆದರೆ ಬೇಸ್ ಯಾವ ಸ್ವರ ನುಡಿಸುತ್ತಿದೆ ಅಂತಲೇ ತಿಳಿಯುವುದಿಲ್ಲ. (ರಾಯಚೂರು)

ಉತ್ತರ: ಮೂವರು ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದಾರೆ: ಕಿಕ್, ಸಿಂಥ್ ಸಬ್ (ಸಿಂಥ್‌ನ ತೀರಾ ತಗ್ಗಿನ ಬೇಸ್), ಬೇಸ್ ಗಿಟಾರ್. ರಾಕ್ ಬ್ಯಾಂಡಿನಲ್ಲಿ ತಳ ಬೇಸ್ ಗಿಟಾರಿನ ಆಸ್ತಿ. ಇಲ್ಲಿ ಹಾಗಲ್ಲ. ತಳವನ್ನು ಸಬ್‌ಗೆ ಬಿಟ್ಟುಕೊಡಬೇಕು. ಬೇಸ್ ವಾದಕರಿಗೆ ಇದನ್ನು ಒಪ್ಪಿಸುವುದೇ ಇಡೀ ವ್ಯವಹಾರದ ಕಷ್ಟದ ಭಾಗ.

ಬೇಸ್ ಗಿಟಾರಿನ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಡಿಸ್ಟಾರ್ಶನ್ ಕೊಟ್ಟು 700ರಿಂದ 1000 ಹರ್ಟ್ಸ್ ಆಸುಪಾಸು ಮುಂದೆ ತನ್ನಿ. ಸ್ವರ ಕಿವಿಗೆ ಸಿಗುವುದು ಅಲ್ಲಿ. ಗಿಟಾರ್‌ಗಳನ್ನು 120ಕ್ಕೆ ಕತ್ತರಿಸಿ. ಸಬ್ ಮೊನೊ ಇರಲಿ. ಕಿಕ್ ಬಿದ್ದಾಗಲೆಲ್ಲ ಸಬ್ ಕ್ಷಣಕಾಲ ತಗ್ಗುವಂತೆ ಟ್ರ್ಯಾಕಿನಲ್ಲೇ ಸೈಡ್‌ಚೈನ್ ಮಾಡಿಟ್ಟುಕೊಳ್ಳಿ, 80ರಿಂದ 100 ಮಿಲಿಸೆಕೆಂಡಿನಲ್ಲಿ ಮರಳಿ ಬರಲಿ. ಜೀವಂತ ಕಿಕ್ ಆದ್ದರಿಂದ ಕರಾರುವಾಕ್ಕಾಗಿ ಕೂರದು, ಆದರೂ ಗಣನೀಯ ವ್ಯತ್ಯಾಸ ಬರುತ್ತದೆ.

ಎರಡನೆಯದು ಹಾಡಿನ ಸ್ವರ. ಗಿಟಾರ್ ಡ್ರಾಪ್ ಡಿ ಶ್ರುತಿಯಲ್ಲಿದ್ದರೆ (ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದ್ದರೆ) ಸಬ್‌ನ ಮೂಲಸ್ವರ 36.7 ಹರ್ಟ್ಸ್. ಎದೆಗೆ ಬಡಿಯಲೆಂದು 60ರಿಂದ 100ರ ನಡುವೆ ಉಬ್ಬಿಸಿಟ್ಟ ಬಿನ್ (ಬೇಸ್ ಬಾಕ್ಸ್) ಆ ಸ್ವರವನ್ನು ನುಂಗಿಬಿಡುತ್ತದೆ, ಮೇಲಿನ ಗದ್ದಲ ಮಾತ್ರ ಉಳಿಯುತ್ತದೆ. ಜಿ ಸ್ವರಕ್ಕೆ 49, ಎ ಸ್ವರಕ್ಕೆ 55. ಹಾಡುಗಳನ್ನು ಅಲ್ಲಿ ಕಟ್ಟಿ. ಡಿ ಬಿಡಲಾಗದಿದ್ದರೆ ಸಬ್ಬನ್ನು ಒಂದು ಸಪ್ತಕ ಏರಿಸಿ 73ರಲ್ಲಿ ನುಡಿಸಿ.

ಬಿನ್‌ಗಳನ್ನು ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಇಡುವುದು ನಮ್ಮ ಕಡೆಯ ರೂಢಿ. ಹಾಗಿಟ್ಟರೆ ನಟ್ಟನಡುವೆ ಬೇಸ್ ರಾಶಿ ಬೀಳುತ್ತದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮಾಯ. ಎಲ್ಲವನ್ನೂ ಮುಂದೆ ಮಧ್ಯದಲ್ಲಿ, ನೆಲದ ಮೇಲೆ ಒಟ್ಟಿ. ಟೊಳ್ಳು ಹಲಗೆಯ ವೇದಿಕೆಯ ಮೇಲೆ ಬೇಡ, ಅದು ತಾನೇ ಡೊಳ್ಳಾಗುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಬಾಕ್ಸಿನಲ್ಲಿ 'ಗೂಂ' ಅನ್ನುತ್ತದೆ. (ಕೊಪ್ಪಳ)

ಉತ್ತರ: ಅರ್ಥಿಂಗ್ ಎರಡು ದಾರಿಯಲ್ಲಿ ಸೇರುತ್ತಿದೆ. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸದ್ದಿನ ಸಿಗ್ನಲ್ ದಾಟಿಸುವ ಡಬ್ಬಿ) ಹಾಕಿ, ಅರ್ಥಿಂಗ್ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಮಿಕ್ಸರ್ ಮೂರೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಕರೆಂಟ್ ತೆಗೆದುಕೊಳ್ಳಲಿ. ಪ್ಲಗ್ಗಿನ ಮೂರನೇ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಗಿಟಾರ್ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವನು ಶಾಕ್ ಹೊಡೆಸಿಕೊಂಡು ಅದಕ್ಕೆ ಬೆಲೆ ತೆರುತ್ತಾನೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಸಂಜೆ ಐದಕ್ಕೆ ಕಾರ್ಯಕ್ರಮ. ಟ್ರ್ಯಾಕ್ ಪಟ್‌ಪಟ್ ಅಂತ ಒಡೆಯಿತು. (ಸಿಂಧನೂರು)

ಉತ್ತರ: ಬಿಸಿಲು. ಬಹುತೇಕ ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿವರೆಗಿನ ಗಾಳಿಗೆ ಮಾಡಿರುತ್ತಾರೆ, ನಮ್ಮ ಬೇಸಿಗೆ 40 ದಾಟುತ್ತದೆ. ಒಳಗೆ ಕಾದಾಗ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ, ಸದ್ದು ಒಡೆಯುತ್ತದೆ. ಸಿಂಥ್‌ಗಳನ್ನೆಲ್ಲ ಮೊದಲೇ ವೇವ್ ಫೈಲ್ ಮಾಡಿಟ್ಟರೆ ಯಂತ್ರಕ್ಕೆ ಹೊರೆ ಇಳಿಯುತ್ತದೆ. ಕೆಳಗೆ ಎರಡು ಕಟ್ಟಿಗೆ ಪಟ್ಟಿ ಇಟ್ಟು ಎತ್ತರಿಸಿ, ಟೇಬಲ್ ಫ್ಯಾನ್ ತಿರುಗಿಸಿ, ಪಡುವಣ ಬಿಸಿಲಿಗೆ ಅಡ್ಡ ಬಟ್ಟೆ ಕಟ್ಟಿ. ಅದೇ ಫೈಲ್‌ಗಳು ಒಂದು ಫೋನಿನಲ್ಲೂ ಇರಲಿ, ಏರೋಪ್ಲೇನ್ ಮೋಡ್ ಹಾಕಿ.

ಪ್ರಶ್ನೆ: ಮೊಹರಂ ಹಲಗೆಯನ್ನು ಇದಕ್ಕೆ ಸೇರಿಸಬಹುದೇ? ನಮ್ಮ ಹಲಗೆಯವರ ನಡೆ ಮೂರರದು. (ಕಿನ್ನಾಳ)

ಉತ್ತರ: ಸೇರಿಸಿ, ಬಹಳ ಚೆನ್ನಾಗಿ ಕೂರುತ್ತದೆ. ಹಲಗೆಯವರನ್ನು ನಾಲ್ಕಕ್ಕೆ ಎಳೆಯಬೇಡಿ. ಅವರಿಗೆ 116ರ ಕ್ಲಿಕ್ ಕೊಡಿ. ಅದರ ಪ್ರತಿ ಬೀಟನ್ನು ಮೂರು ಮಾಡಿದರೆ ನಿಮಿಷಕ್ಕೆ 348. 174ರ ಹೈಹ್ಯಾಟ್ ಏಟುಗಳೂ 348. ಎರಡೂ ಒಂದೇ ಉಸಿರು. ಡ್ರಮ್ಮಿನ ಮೂರು ಆವರ್ತಕ್ಕೆ ಹಲಗೆಯ ಎಂಟು ಬೀಟು ಮುಗಿದು ಇಬ್ಬರೂ ಒಂದನೇ ಮನೆಯಲ್ಲಿ ಕೂಡುತ್ತಾರೆ. ಆ ಭಾಗವನ್ನು ಮೂರು, ಆರು, ಹನ್ನೆರಡು ಆವರ್ತಗಳಲ್ಲೇ ಕಟ್ಟಿ. ಎಂಟಕ್ಕೆ ಕತ್ತರಿಸಿದರೆ ಹಲಗೆ ನಡುದಾರಿಯಲ್ಲಿ ಉಳಿಯುತ್ತದೆ.

ಹಲಗೆಯ ದಪ್ಪ ಕೋಲಿನ ಏಟು ಹಾಗೇ ಇರಲಿ. ತೆಳು ಕಡ್ಡಿ ಬಿಡದೆ ಆಡುತ್ತದಲ್ಲ, ಅದೇ ಘೋಸ್ಟ್ ನೋಟುಗಳ ಕೆಲಸ ಮಾಡುತ್ತದೆ. ಅಲ್ಲಿ ಡ್ರಮ್ಮರ್ ಹೈಹ್ಯಾಟ್ ಬಿಟ್ಟು ಕಿಕ್, ಸ್ನೇರ್ ಅಷ್ಟೇ ಹಿಡಿಯಲಿ. ಮೈಕ್ ಚರ್ಮದಿಂದ ಒಂದು ಗೇಣು ದೂರ, ಅಂಚಿನ ಕಡೆಗೆ ಮುಖ ಮಾಡಿ. ಸೌಂಡ್ ಚೆಕ್‌ಗೆ ಕಾಸಿದ ಹಲಗೆ ಕಾರ್ಯಕ್ರಮದ ಹೊತ್ತಿಗೆ ಇಳಿದಿರುತ್ತದೆ. ವೇದಿಕೆ ಏರುವ ಮುಂಚೆ ಮತ್ತೆ ಕಾಸಲು ಜಾಗ, ಹುಲ್ಲು, ಪಕ್ಕದಲ್ಲಿ ಒಂದು ಬಕೆಟ್ ನೀರು ಹೊಂದಿಸಿ. ಪೆಂಡಾಲಿನ ಬಟ್ಟೆಯಿಂದ ದೂರ ಇರಲಿ.

ಪ್ರಶ್ನೆ: ಎಷ್ಟು ಹೊತ್ತಿನವರೆಗೆ ನುಡಿಸಬಹುದು? ಮೀಟರ್ ತಂದು ಅಳೆದರೆ? (ಲಿಂಗಸುಗೂರು)

ಉತ್ತರ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ, ಉಳಿದ ಹೊತ್ತಿನಲ್ಲೂ ಲಿಖಿತ ಅನುಮತಿ ಬೇಕು. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಜಾಗ ಗೊತ್ತು ಮಾಡುವ ಮೊದಲೇ ಹೆಜ್ಜೆ ಹಾಕಿ ನೋಡಿ. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್. ಈ ಅಳತೆ 'ಎ' ತೂಕದ್ದು (ಕಿವಿಯ ಹಾಗೆ ತಗ್ಗು ಸದ್ದನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುವಂಥದ್ದು), ಅದರಲ್ಲಿ 50 ಹರ್ಟ್ಸ್ ಸದ್ದು 30 ಡೆಸಿಬೆಲ್ ಕಡಿಮೆ ಕಾಣುತ್ತದೆ. ಹಾಗಾಗಿ ಮೀಟರಿನಲ್ಲಿ ಮೊದಲು ಸಿಕ್ಕಿಬೀಳುವುದು ಸಬ್ ಅಲ್ಲ, ಗಿಟಾರ್ ಮತ್ತು ಸ್ನೇರ್. ಪಕ್ಕದ ಓಣಿಯ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿ ನಡುಗಿಸುವುದು ಮಾತ್ರ ಸಬ್. ಠಾಣೆಗೆ ಫೋನ್ ಹೋಗುವುದು ಆ ಡಬ್ಬಿಯಿಂದ. ಒಂಬತ್ತೂವರೆಯ ನಂತರ ಸಬ್ಬನ್ನು 6 ಡೆಸಿಬೆಲ್ ಇಳಿಸಿ, ಸಬ್ ಜಾಸ್ತಿ ಇರುವ ಹಾಡುಗಳನ್ನು ಮೊದಲೇ ಮುಗಿಸಿಕೊಳ್ಳಿ.