ಪ್ರತಿಕ್ರಿಯೆ: 4 ಜಿಬಿಗೆ ನಿಲ್ಲುವ ಬ್ಯಾಕಪ್ ಕಡತ

ಪೆನ್‌ಡ್ರೈವ್‌ನಲ್ಲಿ 20 ಜಿಬಿಗೂ ಹೆಚ್ಚು ಜಾಗ ಖಾಲಿಯಿದ್ದರೂ ನಿಮ್ಮ ಬ್ಯಾಕಪ್ ತಂತ್ರಾಂಶ 4 ಜಿಬಿ ಬರೆದೊಡನೆ ‘ಡಿಸ್ಕ್ ತುಂಬಿದೆ’ ಎನ್ನುತ್ತದೆ, ಹಳೆಯ ಇನ್ನೊಂದು ತಂತ್ರಾಂಶ 2 ಜಿಬಿಗೇ ಕೈಚೆಲ್ಲುತ್ತದೆ, ಹಾಗಾದರೆ ಡ್ರೈವ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ನೀವು ಹೇಳಿದ ಲಕ್ಷಣಗಳು ಡ್ರೈವ್ ಕೆಟ್ಟದ್ದನ್ನು ಸೂಚಿಸುವುದಿಲ್ಲ; ಅದು ಬಹುತೇಕ ಫ್ಯಾಟ್32 ಎಂಬ, ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದೆ.

ಫ್ಯಾಟ್32ರಲ್ಲಿ ಪ್ರತಿ ಕಡತದ ಗಾತ್ರವನ್ನು ದಾಖಲಿಸಲು 32 ಬಿಟ್‌ಗಳ ಸ್ಥಳವಷ್ಟೇ ಇರುವುದರಿಂದ, ಎಷ್ಟೇ ಜಾಗ ಉಳಿದಿದ್ದರೂ ಒಂದು ಕಡತ 4,29,49,67,295 ಬೈಟ್‌ಗಳನ್ನು, ಅಂದರೆ 4 ಜಿಬಿಯನ್ನು, ಮೀರುವಂತಿಲ್ಲ. 2 ಜಿಬಿಯ ಮಿತಿ ಮಾತ್ರ ತಂತ್ರಾಂಶದ್ದೇ ಇರಬೇಕು: ಕಡತದೊಳಗಿನ ಸ್ಥಾನವನ್ನು ಚಿಹ್ನೆಸಹಿತ 32 ಬಿಟ್ ಸಂಖ್ಯೆಯಲ್ಲಿ ಇಟ್ಟುಕೊಂಡರೆ ಒಂದು ಬಿಟ್ ಋಣಚಿಹ್ನೆಗೆ ಹೋಗಿ, ಎಣಿಕೆಗೆ 31 ಬಿಟ್‌ಗಳು ಮಾತ್ರ ಉಳಿಯುತ್ತವೆ; ಅವು 2 ಜಿಬಿಯವರೆಗಷ್ಟೇ ಎಣಿಸಬಲ್ಲವು. ಅಂಥ ತಂತ್ರಾಂಶ ಯಾವ ಡಿಸ್ಕ್‌ನಲ್ಲಾದರೂ ಅಲ್ಲಿಯೇ ಮುಗ್ಗರಿಸುತ್ತದೆ.

ನನ್ನ ದೃಷ್ಟಿಯಲ್ಲಿ ನಿಜವಾದ ದೋಷವಿರುವುದು ಆ ಸಂದೇಶದಲ್ಲಿ. ‘ಕಡತ ತೀರಾ ದೊಡ್ಡದಾಯಿತು’ ಮತ್ತು ‘ಜಾಗವಿಲ್ಲ’ ಎಂಬೆರಡಕ್ಕೆ ಲಿನಕ್ಸ್‌ನಂಥ ಕಾರ್ಯಾಚರಣಾ ವ್ಯವಸ್ಥೆ ಬೇರೆ ಬೇರೆ ದೋಷಸಂಕೇತಗಳನ್ನು ಕೊಡುತ್ತದೆ. ಆದರೆ ಬರವಣಿಗೆ ವಿಫಲವಾದಾಗಲೆಲ್ಲ ಡಿಸ್ಕ್ ತುಂಬಿದೆಯೆಂದು ಊಹಿಸುವ ತಂತ್ರಾಂಶ (ಇದು ಅಪರೂಪವೇನಲ್ಲ) ಬಳಕೆದಾರರನ್ನು ಸುಮ್ಮನೆ ದಾರಿ ತಪ್ಪಿಸುತ್ತದೆ. ಅನೇಕ ವಿಡಿಯೊ ಕ್ಯಾಮೆರಾಗಳು ಮಿತಿ ಸಮೀಪಿಸಿದಾಗ ತಾವಾಗಿಯೇ ಹೊಸ ಕಡತ ತೆರೆದು ಮುಂದುವರಿಯುತ್ತವೆ.

ಬ್ಯಾಕಪ್ ತಂತ್ರಾಂಶದಲ್ಲಿ ಕಡತವನ್ನು ತುಂಡರಿಸುವ ಆಯ್ಕೆಯಿದ್ದರೆ ತುಂಡಿನ ಗಾತ್ರವನ್ನು 4,000 ಎಂಬಿಗೆ ನಿಗದಿಪಡಿಸಿ. ಇಲ್ಲವಾದರೆ ಡ್ರೈವ್‌ನಲ್ಲಿರುವುದನ್ನೆಲ್ಲ ಬೇರೆಡೆಗೆ ನಕಲಿಸಿಕೊಂಡು, 4 ಜಿಬಿಯ ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿ. ಆದರೆ ಹಳೆಯ ಟಿವಿ, ಪ್ಲೇಯರ್‌ಗಳಲ್ಲಿ ಕೆಲವು ಅದನ್ನು ಓದಲಾರವು.