ಇಳಕಲ್ ಸೀರೆ: ಕೈಮಗ್ಗದ್ದೇ ಅಂತ ಗುರುತಿಸುವುದು ಹೇಗೆ?

ಅಮ್ಮನಿಗೆ ಇಳಕಲ್ ಸೀರೆ ಕೊಳ್ಳಬೇಕು, ಕೈಮಗ್ಗದ್ದು ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಸೀರೆಯನ್ನು ತಿರುಗಿಸಿ, ಒಡಲು ಮತ್ತು ಸೆರಗು ಸೇರುವ ಜಾಗ ನೋಡಿ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಮಾಡಿ, ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಅಂತಾರೆ. ಹೀಗಾಗಿ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿ ಸಿದ್ಧ ಮಾಡಬೇಕು. ಎಷ್ಟು ತಾಳ್ಮೆಯ ಕೆಲಸ ನೋಡಿ! ಪವರ್‌ಲೂಮಿನಲ್ಲಿ ಉದ್ದನೆಯ ಒಂದೇ ಹಾಸಿನಲ್ಲಿ ಸೀರೆಗಳನ್ನು ಸಾಲಾಗಿ ನೇಯುವುದೇ ಜಾಸ್ತಿ. ಅಲ್ಲಿ ಸೆರಗಿನ ಬಳಿ ಈ ಕೊಂಡಿ ಇರುವುದಿಲ್ಲ.

ಕೈಮಗ್ಗದ ಬಟ್ಟೆಗೆ ಹಾಕುವ ಸರ್ಕಾರಿ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯಾ ಅಂತಲೂ ಕೇಳಿ. ಆದರೆ ನನಗೆ ಚೀಟಿಗಿಂತ ಕೊಂಡಿಯ ಮೇಲೆಯೇ ನಂಬಿಕೆ ಹೆಚ್ಚು.

ಬಾಗಲಕೋಟೆ ಕಡೆ ಹೋಗುವುದಿದ್ದರೆ ಇಳಕಲ್‌ನಲ್ಲೇ, ನೇಕಾರರ ಮನೆಯಲ್ಲೋ ಸಂಘದಲ್ಲೋ ಕೊಳ್ಳಿ. ದುಡ್ಡು ನೇರ ಮಗ್ಗದವರ ಕೈಗೆ ಸೇರುತ್ತದೆ. ದಯವಿಟ್ಟು ಅಲ್ಲಿ ಚೌಕಾಸಿ ಮಾತ್ರ ಮಾಡಬೇಡಿ. ಹಾಸು ಹೂಡುವುದು, ಕೊಂಡಿ ಸಿಕ್ಕಿಸುವುದು, ಇದರಲ್ಲಿ ಮನೆಮಂದಿಯ ದುಡಿಮೆಯೂ ಸೇರಿರುತ್ತದೆ. ಆ ಬೆಲೆ ಜಾಸ್ತಿಯೇನಲ್ಲ.